ಬೆರಳು ಸಾಕು, ಆ ಕಡೇ ಸಾಲು ಬೇಡ

ಗೆಳೆಯಾ,

ನೀನು ಕಳಿಸಿದ ಪುಟ್ಟ ಕಥೆಯನ್ನು ನಿನ್ನೆಯಿಂದ ನಾಲ್ಕೈದು ಸಲ ಓದಿದೆ. ರೇಷನ್ ಅಂಗಡಿಯ ಮಿಷನ್ನು ಅವ್ವನ ಹೆಬ್ಬೆಟ್ಟು ತಗೊಳ್ಳುವುದಿಲ್ಲ, ಅವಳು ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ಅಲ್ಲಿ ನನಗೆ ಗಂಟಲು ಕಟ್ಟಿತು. ಆಮೇಲೆ ನೀನು 'ದುಡಿದು ದುಡಿದು ಅವಳ ಗುರುತೇ ಸವೆದುಹೋಗಿತ್ತು' ಅಂತ ಬರೆದು ಮುಗಿಸಿದ್ದೀಯ. ಅದು ನನಗೇ ಹೊಳೆಯಬೇಕಿತ್ತು ಕಣೋ, ನೀನೇ ಹೇಳಿಬಿಟ್ಟೆ.

ಆ ಸಾಲು ತೆಗೆ. ಬಹುಶಃ ಅದಕ್ಕೋಸ್ಕರವೇ ಇಡೀ ಕಥೆ ಬರೆದಿರುತ್ತೀಯ, ಆದರೂ ತೆಗೆ.

ದೇಶ ವಿಭಜನೆಯ ಗಲಭೆಗಳ ಬಗ್ಗೆ ಉರ್ದು ಕಥೆಗಾರ ಮಂಟೋ ಬರೆದ ಚೂರು ಕಥೆಗಳು 1948ರಲ್ಲಿ 'ಸಿಯಾಹ್ ಹಾಶಿಯೆ' ಅಂತ ಪುಸ್ತಕವಾದವು. ಅದರಲ್ಲೊಂದು ಮೂರ್ನಾಲ್ಕು ಸಾಲಿನದು. ಚಾಕು ಹೊಟ್ಟೆ ಸೀಳಿಕೊಂಡು ಹೊಕ್ಕುಳ ಕೆಳಗಿಳಿಯುತ್ತದೆ, ಪೈಜಾಮದ ಲಾಡಿ ತುಂಡಾಗುತ್ತದೆ, ಇರಿದವನು ಛೆ ಛೆ, ಮಿಸ್ಟೇಕ್ ಆಯ್ತು ಅನ್ನುತ್ತಾನೆ. ಅಷ್ಟೇ. ಸತ್ತವನು ಯಾವ ಧರ್ಮದವನು, ಯಾವ ಊರು, ಒಂದೂ ಇಲ್ಲ. ಲಾಡಿ ತುಂಡಾದ ಮೇಲೆ ಇರಿದವನಿಗೆ ಏನು ಕಂಡಿತು ಅನ್ನುವುದೂ ಇಲ್ಲ, ಅದನ್ನು ನಾವೇ ನೋಡಬೇಕು. ನೋಡಿದ ಕೂಡಲೇ, ಸತ್ತವನು ಬೇರೆ ಧರ್ಮದವನಾಗಿದ್ದರೆ ಇವನ ಪಾಲಿಗೆ ಎಲ್ಲ ಸರಿಯಿರುತ್ತಿತ್ತು ಅನ್ನುವುದು ಹೊಳೆದು ಮೈ ನಡುಗುತ್ತದೆ. ಮಂಟೋ ಒಂದು ಸಾಲು ವಿವರಿಸಿದ್ದರೂ ನಾವು ಹೊರಗೆ ನಿಂತು ಅಯ್ಯೋ ಅಂದುಕೊಂಡು ಮುಂದಕ್ಕೆ ಹೋಗಿಬಿಡುತ್ತಿದ್ದೆವು.

ನಿನ್ನ ಕಥೆ ಶುರುವಾಗುವುದು ಮುಂಜಾನೆಯ ಬಿಸಿಲಿನಿಂದ. ಬಿಸಿಲು, ಹುಣಸೆಮರ, ಜನರ ಉದ್ದದ ಕ್ಯೂ ಎಲ್ಲ ಬಿಡು, ಸೀದಾ ಬೆರಳಿಗೆ ಬಾ. ಶೀರ್ಷಿಕೆಯೂ ಒಂದು ಸಾಲೇ ಅಲ್ವಾ, 'ಸವೆದ ಬೆರಳು' ಅಂದರೆ ಓದುವ ಮೊದಲೇ ಕಥೆ ಗೊತ್ತಾಗುತ್ತದೆ. ಸುಮ್ನೆ 'ತಿಂಗಳ ಅಕ್ಕಿ' ಅಂತಿಡು.

ಹಾಗಂತ ಪದ ಎಣಿಸಿ ಕತ್ತರಿಸು ಅಂತಿಲ್ಲ. ಸೆರಗಿನ ಹತ್ತಿರ ಇನ್ನೂ ಎರಡು ಸಾಲು ಜಾಸ್ತಿ ಆದರೂ ಪರವಾಗಿಲ್ಲ. ಬೇರೆ ಬೆರಳು ಇಡಮ್ಮ ಅನ್ನುತ್ತಾರಲ್ಲ, ಅವಳು ಒಂದೊಂದೇ ಬೆರಳು ಇಡುತ್ತಾ ಹೋಗಲಿ, ಕಿರುಬೆರಳಿನವರೆಗೂ. ಅವಸರ ಬೇಡ. ಆಮೇಲೆ ಅಂಗಡಿಯವನು 'ಮುಂದಿನವರು ಬನ್ನಿ' ಅನ್ನುತ್ತಾನಲ್ಲ, ಅಲ್ಲಿಗೆ ಪೆನ್ನು ಕೆಳಗಿಡು. ಚೀಲ ಖಾಲಿ ಇತ್ತು ಅಂತಲೂ ಬರೆಯಬೇಡ.

ತಿದ್ದಿ ಭಾನುವಾರದೊಳಗೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ