ಖುಲಾಸೆಗೆ ಜ್ಯೂರಿ ಮದ್ದಲ್ಲ

ಮಾನ್ಯರೇ,

ಕೊಲೆ ಆರೋಪಿ ಖುಲಾಸೆಯಾದ ಸುದ್ದಿ ಬಂದರೆ ಸಾಕು, ಶಿರಸಿ ಪೇಟೆಯ ಚಾ ಅಂಗಡಿಗಳಲ್ಲಿ ‘ಜನರೇ ತೀರ್ಪು ಕೊಡುವ ಜ್ಯೂರಿ ಮತ್ತೆ ಬರಬೇಕು’ ಎಂಬ ಮಾತು ಏಳುತ್ತದೆ. ಜ್ಯೂರಿ ಇದ್ದಾಗ ಏನಾಗಿತ್ತು? ನೌಕಾಪಡೆ ಅಧಿಕಾರಿ ನಾನಾವತಿ ಪತ್ನಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ 1959ರ ಪ್ರಕರಣದಲ್ಲಿ ಜ್ಯೂರಿಯ ಒಂಬತ್ತು ಸದಸ್ಯರಲ್ಲಿ ಎಂಟು ಮಂದಿ ‘ನಿರ್ದೋಷಿ’ ಎಂದರು. ಬಾಂಬೆ ಹೈಕೋರ್ಟ್ ಒಪ್ಪದೆ ಜೀವಾವಧಿ ಶಿಕ್ಷೆ ವಿಧಿಸಿತು. 1961ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಕೇಸು ಬಿದ್ದುಹೋಗುವುದು ಬೇರೆ ಕಡೆ. ಠಾಣೆಯಲ್ಲೇ ಕುಳಿತು, ಕತ್ತಿ ಜಪ್ತಿಯ ದಾಖಲೆಯಾದ ಮಹಜರಿಗೆ ಸಹಿ ಹಾಕಿದ ಪಂಚ ಸಾಕ್ಷಿ, ವರ್ಷಗಳ ನಂತರ ಕಟಕಟೆಯಲ್ಲಿ ‘ಆ ಕತ್ತಿ ನಾನು ನೋಡೇ ಇಲ್ಲ’ ಅನ್ನುತ್ತಾನೆ. ಆಗ ನ್ಯಾಯಾಧೀಶರು ಸಂಶಯದ ಲಾಭ ಕೊಡದೆ ಇನ್ನೇನು ಮಾಡಬೇಕು? 2024ರ ಜುಲೈಯಿಂದ ಜಪ್ತಿಯ ವಿಡಿಯೊ ಚಿತ್ರೀಕರಣ ಕಡ್ಡಾಯ. ನಮ್ಮ ಜಿಲ್ಲೆಯಲ್ಲಿ ಅದು ಸರಿಯಾಗಿ ನಡೆಯುತ್ತಿದೆಯೇ? ಪೊಲೀಸ್ ಇಲಾಖೆ ತಿಳಿಸಲಿ.

– ಓದುಗ, ಶಿರಸಿ