ನಿನ್ನ ಮೂರನೆಯ ಅಧ್ಯಾಯದಲ್ಲಿ ನಾನೇಕೆ ಮಾತಾಡುವುದಿಲ್ಲ?

ಪ್ರೀತಿಯ ಮಗಳಿಗೆ, ಅಮ್ಮನ ಆಶೀರ್ವಾದಗಳು.

ನಮ್ಮ ಮನೆಯ ಕುರಿತು ನೀನು ಬರೆದಿರುವ ಆತ್ಮಕಥನದ ಹಸ್ತಪ್ರತಿಯ ಬಗ್ಗೆ ಫೋನಿನಲ್ಲಿ ಆದ ಮಾತು ಎಲ್ಲಿಗೆ ಹೋಗಿ ನಿಂತಿತೆಂಬುದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನಿಲ್ಲಿ ಮತ್ತೆ ಬರೆಯುವುದಿಲ್ಲ. ಕೊನೆಯಲ್ಲಿ "ನಿನಗೆ ಬೇಕಾಗಿರುವುದು ಸತ್ಯವಲ್ಲ, ಮನೆಯ ಮರ್ಯಾದೆ" ಎಂದು ಹೇಳಿ ಫೋನ್ ಇಟ್ಟೆಯಲ್ಲ, ಆ ಒಂದು ಮಾತಿಗೆ ಮಾತ್ರ ಉತ್ತರ ಕೊಡಬೇಕೆನ್ನಿಸಿದೆ. ಮುಂದಿನ ತಿಂಗಳು ಪುಸ್ತಕ ಅಚ್ಚಿಗೆ ಹೋಗುತ್ತದೆ ಎಂದಿರುವೆಯಾದ್ದರಿಂದ ತಡಮಾಡುವಂತೆಯೂ ಇಲ್ಲ. ಜಗಳವಾದ ಮೇಲೆ ನಾನು ಸುಮ್ಮನೆ ಕೂತಿರಲಿಲ್ಲ. ಮನೆಯೊಳಗಿನ ಮಾತನ್ನು ಪುಸ್ತಕ ಮಾಡಿದವರು ಅದನ್ನು ಹೇಗೆ ಮಾಡಿದ್ದಾರೆಂದು ನೋಡುವುದಕ್ಕಾಗಿಯೇ ಒಂದಾದ ಮೇಲೊಂದು ಆತ್ಮಕಥನಗಳನ್ನೂ ಕಾದಂಬರಿಗಳನ್ನೂ ಓದಿದೆ. ಕೆಲವನ್ನು ಹೊಸದಾಗಿ, ಕೆಲವನ್ನು ಎರಡನೆಯ ಸಲ.

ಭೈರಪ್ಪನವರ ‘ಗೃಹಭಂಗ’ ಮತ್ತು ‘ಭಿತ್ತಿ’ಯನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿದೆ. ಕಾದಂಬರಿ ಬಂದದ್ದು 1970ರಲ್ಲಿ, ಆತ್ಮಕಥನ 1996ರಲ್ಲಿ. ಪ್ಲೇಗು, ಬಡತನ, ಸಂಸಾರದ ಗೊಡವೆಯೇ ಇಲ್ಲದ ಗಂಡ, ಎಲ್ಲವನ್ನೂ ಒಬ್ಬಳೇ ಎಳೆಯುವ ತಾಯಿ, ಇವೆಲ್ಲ ಎರಡರಲ್ಲೂ ಇವೆ. ಆದರೆ ‘ಭಿತ್ತಿ’ಯ ತಾಯಿ ಹುಡುಗನೊಬ್ಬನ ಕಣ್ಣಿಗೆ ಬಿದ್ದಷ್ಟೇ ತಾಯಿ. ಅವನು ಕಾಣದ್ದನ್ನು, ಅವನ ಕಿವಿಗೆ ಬೀಳದ್ದನ್ನು ಆತ್ಮಕಥನಕಾರ ಬರೆಯುವಂತಿಲ್ಲ. ‘ಗೃಹಭಂಗ’ದ ನಂಜಮ್ಮನಾದರೋ ಒಳಗಿನಿಂದ ಕಾಣುತ್ತಾಳೆ. ಶ್ಯಾನುಭೋಗಿಕೆ, ಅಂದರೆ ಊರಿನ ಕಂದಾಯದ ಲೆಕ್ಕ ಬರೆಯುವ ಕೆಲಸ, ಗಂಡ ಚೆನ್ನಿಗರಾಯನ ಹೆಸರಿನಲ್ಲಿದ್ದರೂ ಲೆಕ್ಕ ಬರೆಯುವವಳು ಅವಳು. ಗೆರೆ ಹಾಕಿ, ಕೂಡಿಸಿ, ಕಳೆದು, ಸರ್ಕಾರಕ್ಕೆ ಒಪ್ಪಿಸುವ ಪುಸ್ತಕವನ್ನು ತಯಾರಿಸುವ ಹೆಂಗಸಿನ ತಲೆಯಲ್ಲಿ ಏನು ಓಡುತ್ತಿರುತ್ತದೆ ಎಂಬುದನ್ನು ಲೇಖಕರು ಕಲ್ಪಿಸಿಕೊಂಡು ಬರೆದಿದ್ದಾರೆ. ಮಗನಾಗಿ ತಾಯಿಯನ್ನು ಕೇಳಲಾಗದೆ ಉಳಿದದ್ದನ್ನು ಕಾದಂಬರಿಕಾರನಾಗಿ ತುಂಬಿಕೊಂಡಿದ್ದಾರೆಂದು ನನಗನ್ನಿಸಿತು. ನನಗೆ ‘ಭಿತ್ತಿ’ಗಿಂತ ‘ಗೃಹಭಂಗ’ವೇ ಹೆಚ್ಚು ನಿಜವೆನ್ನಿಸಿದ್ದು ಇದೇ ಕಾರಣಕ್ಕೆ. ನೀನು ಇದನ್ನು ಒಪ್ಪುವುದಿಲ್ಲ, ಗೊತ್ತಿದೆ.

ಆದರೂ ‘ಗೃಹಭಂಗ’ದ ಬಗ್ಗೆ ನನ್ನದೊಂದು ತಕರಾರಿದೆ. ಅತ್ತೆ ಗಂಗಮ್ಮನಿಗೆ ಲೇಖಕರು ಬೈಗುಳ ಕೊಟ್ಟಷ್ಟು ಧಾರಾಳವಾಗಿ ಮನಸ್ಸನ್ನು ಕೊಟ್ಟಿಲ್ಲ. ಅವಳು ಬಾಯಿ ತೆರೆದಾಗಲೆಲ್ಲ ನಮಗೆ ನಗು ಬರುತ್ತದೆ, ಸಿಟ್ಟು ಬರುತ್ತದೆ. ಒಂಟಿಯಾಗಿ ಕೂತಾಗ ಅವಳು ಏನೆಂದುಕೊಳ್ಳುತ್ತಿದ್ದಳೋ ತಿಳಿಯುವುದಿಲ್ಲ. ನಿನ್ನ ಮೂರನೆಯ ಅಧ್ಯಾಯದಲ್ಲಿ ನಿನ್ನಜ್ಜಿ, ಅಂದರೆ ನನ್ನತ್ತೆ, ಥೇಟ್ ಗಂಗಮ್ಮನಾಗಿಬಿಟ್ಟಿದ್ದಾರೆ.

ನಿನ್ನಜ್ಜಿಗೆ ಓದು ಬರುತ್ತಿರಲಿಲ್ಲವೆಂದು ನೀನು ಬರೆದಿರುವೆ. ಆದರೆ ನೀನು ಶಾಲೆಗೆ ಹೋದ ಮೇಲೆ ಮಧ್ಯಾಹ್ನದ ಹೊತ್ತು ಅವರು ನನ್ನಿಂದ ಕಾದಂಬರಿ ಓದಿಸಿಕೊಂಡು ಕೇಳುತ್ತಿದ್ದರು. ಹತ್ತಿರ ಬಂದು ಕೂರುತ್ತಿರಲಿಲ್ಲ. ಬಾಗಿಲಿನ ಆಚೆ ಏನೋ ಕೆಲಸ ಮಾಡುತ್ತಿರುವಂತೆ ಇದ್ದು, ನಾನು ಪುಟ ಬಿಟ್ಟರೆ "ಅಲ್ಲೇನೋ ಹಾರಿಸಿದೆ" ಎನ್ನುತ್ತಿದ್ದರು. ‘ಗೃಹಭಂಗ’ವನ್ನೂ ಹಾಗೆಯೇ ಓದಿದೆ. ಗಂಗಮ್ಮನ ಮಾತುಗಳು ಬಂದಾಗ ನನಗೆ ಒಳಗೊಳಗೇ ಖುಷಿ, ಅವರಿಗೆ ತಾಕಲಿ ಎಂದು ಸ್ವಲ್ಪ ಜೋರಾಗಿಯೇ ಓದುತ್ತಿದ್ದೆ. ಅವರು ನಕ್ಕರು. ತಮ್ಮನ್ನು ಅಲ್ಲಿ ಗುರುತಿಸಿಕೊಳ್ಳಲಿಲ್ಲವೋ, ಗುರುತಿಸಿಕೊಂಡೇ ನಕ್ಕರೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಪ್ಲೇಗಿನಲ್ಲಿ ನಂಜಮ್ಮನ ಮಕ್ಕಳಾದ ಪಾರ್ವತಿಯೂ ರಾಮಣ್ಣನೂ ಸಾಯುವ ಭಾಗಕ್ಕೆ ಬಂದಾಗ "ನಿಲ್ಲಿಸು" ಎಂದರು. ಮಾರನೆಯ ಮಧ್ಯಾಹ್ನ ಪುಸ್ತಕ ತೆಗೆದರೆ "ಓದಬೇಡ, ಆ ಚಿಕ್ಕ ಹುಡುಗ ಉಳಿದನೋ ಇಲ್ಲವೋ ಅಷ್ಟು ಹೇಳು" ಎಂದು ಕೇಳಿದರು. ಉಳಿಯುತ್ತಾನೆ ಎಂದೆ. ಮುಂದಿನದನ್ನು ಅವರು ಕೇಳಲೇ ಇಲ್ಲ. ಅದೇ ಸಂಜೆ ಯಾವುದೋ ಸಣ್ಣ ವಿಷಯಕ್ಕೆ ನನ್ನ ತವರಿನವರನ್ನೆಲ್ಲ ಜಾಲಾಡಿದರು, ಅದೂ ನಿಜ.

ಇದನ್ನು ಹೇಳುತ್ತಿರುವುದು ಅವರನ್ನು ಒಳ್ಳೆಯವರೆಂದು ಸಾಧಿಸುವುದಕ್ಕಲ್ಲ. ಅವರು ಒಳ್ಳೆಯ ಅತ್ತೆಯಾಗಿರಲಿಲ್ಲ. ಅವರು ನನ್ನ ಪುಸ್ತಕವನ್ನು ಅಂಗಳಕ್ಕೆ ಎಸೆದ ದಿನದ ಬಗ್ಗೆ ನೀನು ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ "ಅಮ್ಮ ಮೌನವಾಗಿ ಅದನ್ನು ಎತ್ತಿಕೊಂಡಳು" ಎಂಬಲ್ಲಿಗೆ ನೀನು ಮುಗಿಸಿದ್ದೀಯೆ. ನಿನ್ನನ್ನು ಒಳಗೆ ಕಳುಹಿಸಿದ ಮೇಲೆ ನಾನು ಆಡಿದ ಮಾತು ಎಷ್ಟು ಹರಿತವಾಗಿತ್ತೆಂದರೆ ಅವರು ಆ ರಾತ್ರಿ ಊಟ ಬಿಟ್ಟರು. ಆ ಮಾತಿಗಾಗಿ ನನಗೆ ಪಶ್ಚಾತ್ತಾಪವಿಲ್ಲ. ಇಡೀ ಅಧ್ಯಾಯದಲ್ಲಿ ನನ್ನ ಬಾಯಿಂದ ಒಂದೇ ಒಂದು ಮಾತೂ ಬರುವುದಿಲ್ಲ, ಗಮನಿಸಿದೆಯಾ? ಓದಿದವರು ನನ್ನನ್ನು ಕಂಡು ‘ಪಾಪ’ ಎನ್ನುತ್ತಾರೆ. ನನಗಿರುವ ಭಯ ಅದೇ. ಮರ್ಯಾದೆ ಹೋಗುವುದರ ಭಯವಲ್ಲ, ಪಾಪದವಳಾಗಿ ಅಚ್ಚಿನಲ್ಲಿ ಉಳಿದುಬಿಡುವ ಭಯ. ಅಚ್ಚಾದ ಮೇಲೆ ನಾನು ಯಾರಿಗೆಂದು ಹೇಳುತ್ತ ತಿರುಗಲಿ?

ಲಂಕೇಶರ ಆತ್ಮಕಥನ ‘ಹುಳಿಮಾವಿನ ಮರ’ 1997ರಲ್ಲಿ ಬಂತು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಅವರ ಹೆಂಡತಿ ಇಂದಿರಾ ಲಂಕೇಶ್ ‘ಹುಳಿಮಾವು ಮತ್ತು ನಾನು’ ಬರೆದರು. ಆ ‘ಮತ್ತು ನಾನು’ ನನಗೆ ಬಹಳ ಇಷ್ಟವಾಯಿತು. ಬರವಣಿಗೆಯಲ್ಲಿ ಲಂಕೇಶರ ಕಸುವು ಅಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಒಂದೇ ಸಂಸಾರವನ್ನು ಇನ್ನೊಂದು ಬದಿಯಿಂದ ನೋಡುವ ಅವಕಾಶವೇ ದೊಡ್ಡದು. ಆದರೆ ಪುಸ್ತಕ ಬರೆದು ಉತ್ತರ ಕೊಡುವ ಶಕ್ತಿ ಎಷ್ಟು ಜನ ಹೆಂಡತಿಯರಿಗೆ, ಎಷ್ಟು ಜನ ತಾಯಂದಿರಿಗೆ ಇರುತ್ತದೆ?

ಕಾರ್ನಾಡರ ‘ಆಡಾಡತ ಆಯುಷ್ಯ’ದ (2011) ಆರಂಭವನ್ನು ನೀನೂ ಓದಿರುವೆ. ಗರ್ಭ ತೆಗೆಸಿಕೊಳ್ಳಲೆಂದು ತಾಯಿ ಹೋದ ದಿನ ವೈದ್ಯೆ ಬರಲಿಲ್ಲ, ಹಾಗಾಗಿ ತಾವು ಹುಟ್ಟಿದೆವು ಎಂದು ಹೇಳಿ, ಆ ಡಾಕ್ಟರ್ ಮಧುಮಾಲತಿ ಗುಣೆಯವರಿಗೇ ಪುಸ್ತಕವನ್ನು ಅರ್ಪಿಸಿದ್ದಾರೆ. ವಿಧವೆಯಾಗಿದ್ದ ತಾಯಿ ಮರುಮದುವೆಯಾದ ಕತೆಯನ್ನೂ ಮುಚ್ಚಿಡದೆ ಬರೆದಿದ್ದಾರೆ. ಅದಕ್ಕೆ ಆಧಾರವಾಗಿ ತಾಯಿಯೇ ಇಳಿವಯಸ್ಸಿನಲ್ಲಿ ಬರೆದಿಟ್ಟ ಪುಟಗಳು ಅವರ ಕೈಯಲ್ಲಿದ್ದವು. ಅಷ್ಟೆಲ್ಲ ಬಯಲಾದರೂ ಆ ತಾಯಿ ಎಲ್ಲಿಯೂ ಕುಗ್ಗುವುದಿಲ್ಲ, ಏಕೆಂದರೆ ಅವರ ಬದುಕನ್ನು ಅವರ ಮಾತೂ ಹೇಳುತ್ತಿದೆ. ಮನೆಯ ಗುಟ್ಟು ಹೊರಗೆ ಬರಬಾರದೆಂದು ನಾನು ವಾದಿಸುತ್ತಿಲ್ಲವೆಂಬುದು ಇಷ್ಟರಿಂದ ನಿನಗೆ ತಿಳಿಯಬಹುದು.

ಇನ್ನು ಸಿದ್ದಲಿಂಗಯ್ಯನವರ ‘ಊರುಕೇರಿ’. ಎತ್ತುಗಳ ಬದಲು ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುತ್ತಿದ್ದುದನ್ನು ಕಂಡ ಹುಡುಗ, ಆ ಇಬ್ಬರಲ್ಲಿ ಒಬ್ಬರು ತನ್ನ ತಂದೆ ಎಂದು ಬರೆದು ಮುಂದೆ ಹೋಗುತ್ತಾನೆ. ಅಳುವುದಿಲ್ಲ, ನಮ್ಮನ್ನು ಅಳು ಎಂದೂ ಹೇಳುವುದಿಲ್ಲ. ನಿನ್ನ ಕರಡಿನಲ್ಲಿ ‘ನೋವು’ ಎಂಬ ಪದ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಕೇಳದೆ ಗೆರೆ ಎಳೆದದ್ದಕ್ಕೆ ಬೇಸರಿಸಬೇಡ, ಬೇಡವಾದರೆ ಅಳಿಸಿಬಿಡು. ವಿಶೇಷಣಗಳನ್ನು ಕಡಿಮೆ ಮಾಡು, ಸಿಟ್ಟಿನಲ್ಲಿ ಬರೆದದ್ದನ್ನು ಸ್ವಲ್ಪ ಕಾಲ ಬಿಟ್ಟು ಮತ್ತೆ ಓದು, ಬದುಕಿರುವವರನ್ನು ಕೇಳಿ ಬರೆ. ನೋಡು, ಉಪದೇಶ ಬೇಡವೆಂದುಕೊಂಡೇ ಕೂತಿದ್ದೆ.

ಶಾಲೆಯ ಕುರಿತ ಎರಡನೆಯ ಅಧ್ಯಾಯವನ್ನು ನಿನ್ನ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ, ಆಮೇಲೆ ಆ ಹಾಳೆಗಳನ್ನು ತೆಗೆದುಕೊಂಡು ಹೋಗಿ ತಾವೇ ಮತ್ತೊಮ್ಮೆ ಓದಿದರು. ನಿನ್ನ ಕೈಯಲ್ಲಿ ಭಾಷೆ ಇದೆ, ಮಗಳೇ. ಇಷ್ಟು ಚೆನ್ನಾಗಿ ಬರೆಯಬಲ್ಲವಳೆಂದು ನಾನು ತಿಳಿದಿರಲಿಲ್ಲ. ಅದಕ್ಕೇ ನನ್ನ ಹಟವೂ ಇಷ್ಟು ಜೋರಾಗಿದೆ. ಕೆಟ್ಟ ಪುಸ್ತಕದಲ್ಲಿ ಹೇಗೆ ಬಂದರೂ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಅಜ್ಜಿಯ ಅಧ್ಯಾಯವನ್ನು ತೆಗೆಯಬೇಡ. ಹೆಸರನ್ನೂ ಬದಲಿಸಬೇಡ. ಅಂದು ನಾನು ಅವರಿಗೆ ಏನೆಂದೆನೆಂಬುದನ್ನು ಬೇರೆ ಹಾಳೆಯಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ‘ಮೌನವಾಗಿ’ ಎಂಬುದನ್ನು ಹೊಡೆದುಹಾಕಿ ಆ ಜಾಗದಲ್ಲಿ ಅದನ್ನು ಸೇರಿಸು. ಓದಿದ ಮೇಲೆ ನನ್ನ ಬಗ್ಗೆ ನಿನ್ನ ಅಭಿಪ್ರಾಯ ಬದಲಾದರೆ ಅದನ್ನೂ ಬರೆ.

ಇಂತಿ,
ನಿನ್ನ ಅಮ್ಮ