ಮಗ ಮತ್ತೆ ಮೈದಾನಕ್ಕಿಳಿದ ಸಂದರ್ಭದಲ್ಲಿ

ಕಳೆದ ಶನಿವಾರ ನಮ್ಮ ಮಗ ತನ್ನ ಕಾಲೇಜಿನ ಬೇಸ್‌ಬಾಲ್ ತಂಡಕ್ಕಾಗಿ ಮತ್ತೆ ಪಿಚಿಂಗ್ ಮಾಡಿದನು, ಅಂದರೆ ಬ್ಯಾಟರ್‌ಗೆ ಚೆಂಡೆಸೆದನು. ಅವನ ಮೊಣಕೈಯಲ್ಲಿ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು ಹರಿದು, ಅದರ ಜಾಗಕ್ಕೆ ಬೇರೆಡೆಯ ಸ್ನಾಯುರಜ್ಜನ್ನು ಕಸಿ ಮಾಡುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಬೇಕಾಯಿತು ಎಂಬುದು ನಿಮಗೆ ತಿಳಿದೇ ಇದೆ. ವೈದ್ಯರಿಗೆ, ಫಿಸಿಯೋಥೆರಪಿಗೆ ಕರೆದೊಯ್ದ ಗೆಳೆಯರಿಗೆ, ಸಾರು-ಪಲ್ಯದ ಡಬ್ಬಿ ತಂದ ಲಾಸ್ ಏಂಜಲೀಸಿನ ಕನ್ನಡಿಗರಿಗೆ, ಊರಿನಲ್ಲಿ ಹರಕೆ ಹೊತ್ತ ಅತ್ತೆಯವರಿಗೆ ನಮ್ಮ ನಮಸ್ಕಾರಗಳು. (ಊಟಕ್ಕೆ ಮಾತ್ರ ಅವನಿಗೆ ತೊಂದರೆಯಾಗಲಿಲ್ಲ, ಎಡಚನಾದ ಮೊಮ್ಮಗನಿಗೆ ಬಲಗೈಯಲ್ಲೇ ಉಣ್ಣುವುದನ್ನು ಅತ್ತೆಯವರು ಹಟ ಹಿಡಿದು ಕಲಿಸಿದ್ದರು.)

ಎದುರುಮನೆಯ ಹಿರಿಯರ ಋಣ ಮಾತ್ರ ಒಂದು ಸಾಲಿಗೆ ತೀರುವಂಥದ್ದಲ್ಲ. ಆಸ್ಪತ್ರೆಯಿಂದ ಬಂದ ರಾತ್ರಿ, ಪಟ್ಟಿಯಿಂದ ಹೊರಚಾಚಿದ್ದ ಊದಿದ ಬೆರಳುಗಳನ್ನೇ ನೋಡುತ್ತಿದ್ದ ಮಗ, ಗ್ಲೌಸನ್ನು ಕಸದ ಬುಟ್ಟಿಗೆ ಹಾಕಿಬಿಡು ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದನು. ನಾನು ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಲಾಸ್ ಏಂಜಲೀಸಿನ ಬೇಸ್‌ಬಾಲ್ ತಂಡವಾದ ಡಾಡ್ಜರ್ಸ್‌ನ ಹಳೆಯ ಅಭಿಮಾನಿಯಾದ ಆ ಹಿರಿಯರು ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಬೆಳಗಿನವರೆಗೂ, ಈ ಶಸ್ತ್ರಚಿಕಿತ್ಸೆಯನ್ನು ಮೊದಲು ಮಾಡಿಸಿಕೊಂಡು ಅದಕ್ಕೆ ತಮ್ಮ ಹೆಸರನ್ನೇ ಕೊಟ್ಟ ಡಾಡ್ಜರ್ಸ್ ಪಿಚರ್ ಟಾಮಿ ಜಾನ್ ಅವರ ವೃತ್ತಿಜೀವನವನ್ನು ವರ್ಷವರ್ಷವಾಗಿ ಹೇಳುತ್ತ ಹೋದರು.

1974ರಲ್ಲಿ 13 ಪಂದ್ಯ ಗೆದ್ದು 3 ಸೋತಿದ್ದಾಗ ಆ ಎಡಗೈ ಪಿಚರ್‌ನ ಮೊಣಕೈ ಕೈಕೊಟ್ಟಿತು. ಡಾ. ಫ್ರಾಂಕ್ ಜೋಬ್ ಅವರು ಸೆಪ್ಟೆಂಬರ್ 25ರಂದು ಬಲಗೈಯ ಸ್ನಾಯುರಜ್ಜನ್ನು ತೆಗೆದು ಎಡ ಮೊಣಕೈಗೆ ಕಸಿ ಮಾಡಿದರು; ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದೂ ಹೇಳಿದ್ದರು. 1975ರ ಇಡೀ ಋತು ಆಟವಿಲ್ಲದೆ ಕಳೆಯಿತು. ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ನಮ್ಮ ಹಿರಿಯರು ಒಮ್ಮೆಯೂ ಆಡಲಿಲ್ಲ. ಮರಳಿ ಬಂದ 1976ರಲ್ಲಿ 10 ಗೆಲುವು, 10 ಸೋಲು ಎಂಬುದನ್ನು ಮುಚ್ಚಿಡದೆ ಹೇಳಿ, ಆಮೇಲೆ 1977ರ 20 ಗೆಲುವುಗಳಿಗೆ ಬಂದರು. 1989ರಲ್ಲಿ, 46ನೆಯ ವಯಸ್ಸಿನಲ್ಲಿ ಟಾಮಿ ಜಾನ್ ಆಟ ನಿಲ್ಲಿಸುವಾಗ ಒಟ್ಟು 288 ಗೆಲುವುಗಳಿದ್ದವು, ಅವುಗಳಲ್ಲಿ 164 ಶಸ್ತ್ರಚಿಕಿತ್ಸೆಯ ನಂತರದವು. ವೇಗವನ್ನು ನಂಬದೆ, ತಟ್ಟನೆ ಕೆಳಗಿಳಿಯುವ ಸಿಂಕರ್‌ನಿಂದ ಬ್ಯಾಟರ್‌ಗಳು ಚೆಂಡನ್ನು ನೆಲಕ್ಕೇ ಹೊಡೆಯುವಂತೆ ಮಾಡುತ್ತಿದ್ದರು ಎಂಬಲ್ಲಿಗೆ ಬಂದಾಗ ಮಗ ಈ ಕಡೆ ಹೊರಳಿ, ಸಿಂಕರ್‌ನ ಹಿಡಿತ ಹೇಗೆ ಎಂದು ಕೇಳಿದನು. ಗ್ಲೌಸ್ ಮನೆಯಲ್ಲೇ ಉಳಿಯಿತು.

ಶನಿವಾರ ಅವನು ಒಂದೇ ಇನಿಂಗ್ಸ್ ಎಸೆದು ಎರಡು ರನ್ ಕೊಟ್ಟನು. ಹಿರಿಯರು ಬೇಲಿಯಾಚೆಯಿಂದ "1976!" ಎಂದು ಕೂಗಿದರು, ಅವನು ನಕ್ಕನು. ಮುಂದಿನ ಪಂದ್ಯಕ್ಕೆ ಬರುವವರು ಮೊದಲ ಬೇಸಿನ (ಬ್ಯಾಟರ್ ಚೆಂಡು ಹೊಡೆದು ಮೊದಲು ಓಡುವ ಮೂಲೆಯ) ಕಡೆ ಕುಳಿತುಕೊಳ್ಳಿ. ಬೇಸಿನಲ್ಲಿ ಓಟಗಾರನಿದ್ದಾಗ ಎಡಗೈ ಪಿಚರ್ ಆ ಕಡೆಗೇ ಮುಖ ಮಾಡಿ ನಿಲ್ಲುತ್ತಾನೆ.